ಕೊಟ್ಟದ್ದರ ಪಟ್ಟಿಯನ್ನೂ ಕೊಡಿ

ಅನುದಾನ ನೀಡುವ ಪ್ರತಿಷ್ಠಾನಗಳಿಗೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಧರ್ಮದರ್ಶಿಗಳೇ,

ಹಣ ಕೇಳಲು ಈ ಪತ್ರ ಬರೆಯುತ್ತಿಲ್ಲ. ನೀವು ಈಗಾಗಲೇ ಕೊಟ್ಟಿರುವ ಹಣದ ಪಟ್ಟಿಯನ್ನು ಕೇಳಲು ಬರೆಯುತ್ತಿದ್ದೇನೆ. ಯಾರಿಗೆ ಕೊಟ್ಟಿರಿ, ಎಷ್ಟು ಕೊಟ್ಟಿರಿ, ಯಾವ ಕೆಲಸಕ್ಕೆ, ಯಾವ ಊರಿಗೆ, ಯಾವತ್ತು ಮಂಜೂರು ಮಾಡಿದಿರಿ, ಎಷ್ಟು ಕಾಲಕ್ಕೆ. ಇಷ್ಟನ್ನು ಸಾಲು ಸಾಲಾಗಿ ಬರೆದು, ಯಾರು ಬೇಕಾದರೂ ತೆರೆದು ಓದುವಂತೆ, ಹುಡುಕುವಂತೆ, ಕೂಡಿಸಿ ನೋಡುವಂತೆ ಸಾರ್ವಜನಿಕವಾಗಿ ಇಡಿ ಎಂಬುದು ನನ್ನ ಬಿನ್ನಹ.

ನಾನು ಕಲಬುರಗಿ ಸೀಮೆಯಲ್ಲಿ ಸಣ್ಣ ಸ್ವಯಂಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಡುವ, ಪ್ರಸ್ತಾವನೆ ಬರೆದುಕೊಡುವ ಕೆಲಸದವನು. ನಿಮ್ಮ ಹಣದಿಂದ ಆದ ಒಳ್ಳೆಯದನ್ನು ಹತ್ತಿರದಿಂದ ನೋಡಿದ್ದೇನೆ. ಶಾಲೆಗೆ ಬಂದ ಗ್ರಂಥಾಲಯ, ಹೆಣ್ಣುಮಕ್ಕಳ ಶೌಚಾಲಯ, ಹೂಳೆತ್ತಿದ ಕೆರೆ, ಆಸ್ಪತ್ರೆಗೆ ಬಂದ ಯಂತ್ರ, ಇವೆಲ್ಲ ಕಣ್ಣಿಗೆ ಕಾಣುವಂಥವು. ಆಸ್ತಿಯ ಅರ್ಧಕ್ಕಿಂತ ಹೆಚ್ಚನ್ನು ದಾನಕ್ಕೆ ಮೀಸಲಿಡುತ್ತೇವೆಂದು ‘ಗಿವಿಂಗ್ ಪ್ಲೆಡ್ಜ್’ ಮೂಲಕ ಜಗತ್ತಿಗೆಲ್ಲ ಹೇಳಿದ ಭಾರತೀಯರಲ್ಲಿ ಬೆಂಗಳೂರಿನವರೇ ಮುಂದೆ ನಿಂತರು. 2013ರಲ್ಲಿ ಅಜೀಂ ಪ್ರೇಮ್‌ಜಿ, 2016ರಲ್ಲಿ ಕಿರಣ್ ಮಜುಂದಾರ್ ಷಾ, 2017ರಲ್ಲಿ ರೋಹಿಣಿ ಮತ್ತು ನಂದನ್ ನಿಲೇಕಣಿ ಸಹಿ ಹಾಕಿದರು. ಕೊಡುವ ವಿಷಯದಲ್ಲಿ ಈ ನಾಡು ಹಿಂದೆ ಬಿದ್ದಿಲ್ಲ. ಹಾಗಾಗಿ ಈ ಪತ್ರದಲ್ಲಿ ಯಾವ ಒಂದು ಸಂಸ್ಥೆಯ ಮೇಲೂ ದೂರಿಲ್ಲ. ಎಲ್ಲರಲ್ಲೂ ಒಂದೇ ಕೋರಿಕೆ ಇದೆ, ಆ ಕೋರಿಕೆಗೆ ಕಾರಣಗಳಿವೆ.

ಮೊದಲು ಈಗಿನ ಸ್ಥಿತಿ ಹೇಗಿದೆ ನೋಡೋಣ.

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಹಣ ಪಡೆದು ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿಕೊಂಡು ಒಂದು ಸಂಖ್ಯೆ ಪಡೆಯಬೇಕು. 2021ರ ಜನವರಿಯ ತಿದ್ದುಪಡಿಯಂತೆ ಕಂಪನಿಯ ವಾರ್ಷಿಕ ವರದಿಯಲ್ಲಿ ಒಂದು ಕೋಷ್ಟಕವೂ ಇರಬೇಕಿತ್ತು. ಯೋಜನೆಯ ಹೆಸರು, ಅದು ನಡೆದ ರಾಜ್ಯ ಮತ್ತು ಜಿಲ್ಲೆ, ಖರ್ಚಾದ ಹಣ, ಕೆಲಸ ಮಾಡಿದ ಸಂಸ್ಥೆಯ ಹೆಸರು, ಅದರ ನೋಂದಣಿ ಸಂಖ್ಯೆ ಎಲ್ಲ ಅದರಲ್ಲಿ ಬರುತ್ತಿದ್ದವು. ಇನ್ನೂರು, ಮುನ್ನೂರು ಪುಟಗಳ ವರದಿಯ ಕೊನೆಯ ಅನುಬಂಧದಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದರೂ ಹುಡುಕಿದವರಿಗೆ ಸಿಗುತ್ತಿತ್ತು.

2022ರ ಸೆಪ್ಟೆಂಬರಿನಲ್ಲಿ ವಾರ್ಷಿಕ ವರದಿಯ ಆ ನಮೂನೆ ಬದಲಾಯಿತು. ಈಗ ಅದರಲ್ಲಿ ಯೋಜನೆವಾರು ಪಟ್ಟಿ ಕಡ್ಡಾಯವಲ್ಲ, ಒಟ್ಟು ಮೊತ್ತ ಬರೆದರೆ ಸಾಕು. ವಿವರಗಳು ಸಿಎಸ್‌ಆರ್-2 ಎಂಬ ನಮೂನೆಯಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಹೋಗುತ್ತವೆ. ಮಂಜೂರಾದ ಯೋಜನೆಗಳನ್ನು ಕಂಪನಿ ತನ್ನ ಜಾಲತಾಣದಲ್ಲಿ ತಿಳಿಸಬೇಕೆಂಬ ನಿಯಮ ಇದ್ದೇ ಇದೆ. ಆದರೆ ಯಾವ ರೂಪದಲ್ಲಿ, ಎಷ್ಟು ವಿವರವಾಗಿ ಎಂಬುದು ಅವರವರ ಇಚ್ಛೆ.

ಅದೇ ವರ್ಷದ ಜುಲೈನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ನಿಯಮಗಳೂ ಬದಲಾದವು. ಮೂರು ತಿಂಗಳಿಗೊಮ್ಮೆ ಬಂದ ದೇಣಿಗೆಯ ವಿವರ ಪ್ರಕಟಿಸಬೇಕೆಂಬ ನಿಯಮವನ್ನು ತೆಗೆದುಹಾಕಲಾಯಿತು. ಅದೇ ತಿಂಗಳಲ್ಲಿ ಗೃಹ ಸಚಿವಾಲಯದ ತಾಣದಿಂದ ಸಂಸ್ಥೆಗಳ ವಾರ್ಷಿಕ ರಿಟರ್ನ್‌ಗಳೂ ಕಾಣೆಯಾದವು. ಒಂದೇ ವರ್ಷದಲ್ಲಿ ಜನರಿಗೆ ತೆರೆದಿದ್ದ ಎರಡು ಕಿಟಕಿಗಳು ಕಿರಿದಾದವು.

ಇನ್ನು ಕುಟುಂಬದ ಹೆಸರಿನ, ಉದ್ಯಮಿಗಳ ಸ್ವಂತ ಹಣದ ಖಾಸಗಿ ಪ್ರತಿಷ್ಠಾನಗಳ ಮಾತು. ಅವು ಆದಾಯ ತೆರಿಗೆ ಇಲಾಖೆಗೆ ಐಟಿಆರ್-7 ಸಲ್ಲಿಸುತ್ತವೆ, ಆಡಿಟ್ ವರದಿ ಸಲ್ಲಿಸುತ್ತವೆ. ಅವು ಯಾವುವೂ ಜನರ ಕೈಗೆ ಬರುವುದಿಲ್ಲ. ಯಾರಿಗೆ ಎಷ್ಟು ಕೊಟ್ಟೆವೆಂದು ಸಾರ್ವಜನಿಕವಾಗಿ ಹೇಳಬೇಕೆಂಬ ಕಾನೂನೂ ಇಲ್ಲ. ಹೇಳಿದರೆ ಅದು ಅವರ ದೊಡ್ಡತನ, ಹೇಳದಿದ್ದರೆ ತಪ್ಪೇನೂ ಇಲ್ಲ ಎಂಬಂತೆ ವ್ಯವಸ್ಥೆ ನಡೆದುಕೊಂಡು ಬಂದಿದೆ.

ಆದರೆ ಈ ಹಣದಲ್ಲಿ ಸಾರ್ವಜನಿಕರ ಪಾಲಿದೆ. ಆದಾಯ ತೆರಿಗೆ ಇಲಾಖೆಯ 12ಎ ನೋಂದಣಿ ಇರುವ ಪ್ರತಿಷ್ಠಾನದ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. 80ಜಿ ಇದ್ದರೆ ದೇಣಿಗೆ ಕೊಟ್ಟವರಿಗೂ ರಿಯಾಯಿತಿ ಉಂಟು. ಆ ತೆರಿಗೆ ಖಜಾನೆಗೆ ಬಂದಿದ್ದರೆ ವಿಧಾನಸಭೆಯಲ್ಲೋ ಸಂಸತ್ತಿನಲ್ಲೋ ಚರ್ಚೆಯಾಗುತ್ತಿತ್ತು, ಮಹಾಲೇಖಪಾಲರು ಪರಿಶೀಲಿಸುತ್ತಿದ್ದರು, ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಯಾರಾದರೂ ಕೇಳಬಹುದಿತ್ತು. ಆ ಪ್ರಶ್ನೆಗಳನ್ನು ಬದಿಗಿಟ್ಟು, ‘ನೀವೇ ಒಳ್ಳೆಯ ಕೆಲಸಕ್ಕೆ ಹಂಚಿ’ ಎಂದು ಸಮಾಜ ನಿಮ್ಮನ್ನು ನಂಬಿದೆ. ನಂಬಿಕೆಗೆ ಪ್ರತಿಯಾಗಿ ಹಂಚಿದ್ದರ ಪಟ್ಟಿ ಕೇಳುವುದು ಅತಿಯಾದ ಆಸೆಯಲ್ಲ.

ಈಗ ಪಟ್ಟಿ ಇಲ್ಲದಿದ್ದರೆ ನೆಲದ ಮೇಲೆ ಏನಾಗುತ್ತದೆ ಎಂದು ಹೇಳುತ್ತೇನೆ.

ಹಳ್ಳಿಯಲ್ಲಿ ಮಕ್ಕಳ ಗ್ರಂಥಾಲಯ ನಡೆಸುವ ಒಂದು ಸಂಸ್ಥೆ ಅನುದಾನಕ್ಕೆ ಅರ್ಜಿ ಹಾಕಬೇಕೆಂದುಕೊಳ್ಳಿ. ಟ್ರಸ್ಟ್ ಡೀಡ್ ನಕಲು, ಪ್ಯಾನ್ ಕಾರ್ಡ್, 12ಎ, 80ಜಿ, ನೀತಿ ಆಯೋಗದ ದರ್ಪಣ್ ಸಂಖ್ಯೆ, ಸಿಎಸ್‌ಆರ್-1, ಮೂರು ವರ್ಷಗಳ ಆಡಿಟ್ ವರದಿ ಮತ್ತು ಆದಾಯ ತೆರಿಗೆ ರಿಟರ್ನ್, ಟ್ರಸ್ಟಿಗಳ ವಿವರ, ಹಿಂದೆ ಪಡೆದ ಅನುದಾನಗಳ ಪಟ್ಟಿ, ಖರ್ಚಿನ ಅಂದಾಜು ಎಲ್ಲ ಹೊಂದಿಸಬೇಕು. ಹಣ ಬಂದರೆ ಬಿಲ್ಲುಗಳು, ಯುಟಿಲೈಸೇಶನ್ ಸರ್ಟಿಫಿಕೇಟ್, ಅಕ್ಷಾಂಶ ರೇಖಾಂಶ ಮೂಡಿದ ಜಿಯೋಟ್ಯಾಗ್ ಫೋಟೋ ಕಳಿಸಬೇಕು. ಇದೆಲ್ಲ ಕೇಳುವುದು ಸರಿಯೇ. ಲೆಕ್ಕ ಕೇಳದೆ ಹಣ ಕೊಡಿ ಎಂದು ಲೆಕ್ಕ ಬರೆಯುವ ನಾನು ಹೇಳಲಾರೆ.

ಆದರೆ ಅರ್ಜಿ ಹಾಕುವ ಮೊದಲು ಆ ಸಂಸ್ಥೆಯವರಿಗೆ ಗೊತ್ತಿರಬೇಕಾದದ್ದು ಯಾವುದೂ ಗೊತ್ತಿರುವುದಿಲ್ಲ. ಈ ಪ್ರತಿಷ್ಠಾನ ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಕೊಟ್ಟಿದೆಯೇ? ಗ್ರಂಥಾಲಯಕ್ಕೆ ಕೊಡುತ್ತದೆಯೇ, ಶಿಕ್ಷಕರ ತರಬೇತಿಗೆ ಮಾತ್ರವೇ? ನಾಲ್ಕು ಲಕ್ಷ ಕೇಳುವವರಿಗೆ ಕೊಡುವ ಪದ್ಧತಿ ಇದೆಯೇ, ಅಥವಾ ಐವತ್ತು ಲಕ್ಷಕ್ಕಿಂತ ಕಡಿಮೆಯ ಯೋಜನೆ ನೋಡುವುದೇ ಇಲ್ಲವೇ? ಸಂಬಳಕ್ಕೆ ಕೊಡುತ್ತಾರೆಯೇ, ಕಟ್ಟಡಕ್ಕೆ ಮಾತ್ರವೇ? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಬೆಂಗಳೂರಿನಲ್ಲಿ ಪರಿಚಯ ಇದ್ದವರಿಗೆ, ಸಮ್ಮೇಳನಗಳಿಗೆ ಹೋಗಿಬರುವವರಿಗೆ, ಇಂಗ್ಲಿಷಿನಲ್ಲಿ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಬಲ್ಲವರಿಗೆ. ಉಳಿದವರು ಎಲ್ಲ ಕಡೆಗೂ ಅರ್ಜಿ ಹಾಕುತ್ತಾರೆ, ಎಲ್ಲೆಡೆಯಿಂದಲೂ ಮೌನ ಬರುತ್ತದೆ. ಆ ಅರ್ಜಿಗಳನ್ನು ಓದುವ ನಿಮ್ಮ ಸಿಬ್ಬಂದಿಯ ಸಮಯವೂ ವ್ಯರ್ಥ, ಬರೆದವರ ಸಮಯವೂ ವ್ಯರ್ಥ. ಹಣ ಮಾತ್ರ ಮತ್ತೆ ಮತ್ತೆ ಗೊತ್ತಿದ್ದವರ ದಾರಿಯಲ್ಲೇ ಹರಿಯುತ್ತದೆ.

ಪ್ರಾದೇಶಿಕ ಅಸಮಾನತೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯನ್ನು ನೆನಪಿಸಿಕೊಳ್ಳಿ. ಅವರು ಹಿಂದುಳಿದಿರುವಿಕೆಯನ್ನು ಜಿಲ್ಲೆಯ ಸರಾಸರಿಯಲ್ಲಿ ಅಳೆಯಲಿಲ್ಲ. ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ ನೋಡಿ, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹಿಡಿದು ಬರೆದರು. ಆ ಹೆಸರುಗಳಿದ್ದುದರಿಂದಲೇ ಮುಂದೆ ಚರ್ಚೆ ಸಾಧ್ಯವಾಯಿತು, ಬಜೆಟ್ಟಿನಲ್ಲಿ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಎಲ್ಲಿಗೆ ಹೋಯಿತೆಂದು ಕೇಳಲು ಸಾಧ್ಯವಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳೆಂದು ಕರ್ನಾಟಕದಲ್ಲಿ ಗುರುತಿಸಿದ್ದು ರಾಯಚೂರು ಮತ್ತು ಯಾದಗಿರಿಯನ್ನು. ಇಷ್ಟೆಲ್ಲ ಇದ್ದೂ, ಖಾಸಗಿ ದಾನದ ಹಣದಲ್ಲಿ ರಾಯಚೂರಿನ ದೇವದುರ್ಗ ತಾಲ್ಲೂಕಿಗೆ ಎಷ್ಟು ಬಂತು ಎಂದು ಇಂದು ಯಾರಿಗೂ ಹೇಳಲಾಗುವುದಿಲ್ಲ. ಕಂಪನಿಗಳ ನಮೂನೆ ಕೇಳುವುದೇ ಜಿಲ್ಲೆಯವರೆಗೆ. ಖಾಸಗಿ ಪ್ರತಿಷ್ಠಾನಗಳ ವರದಿಗಳಲ್ಲಿ ‘ಉತ್ತರ ಕರ್ನಾಟಕದ ಜಿಲ್ಲೆಗಳು’ ಎಂಬ ಮಾತಿನಾಚೆ ಹೋಗುವವರು ಕಡಿಮೆ.

ತಾಲ್ಲೂಕಿನ ಹೆಸರು ನಿಮ್ಮಲ್ಲಿ ಇಲ್ಲದಿಲ್ಲ. ಸಂಸ್ಥೆಗಳಿಂದ ಶೌಚಾಲಯದ ಅಕ್ಷಾಂಶ ರೇಖಾಂಶವನ್ನೇ ತರಿಸಿಕೊಂಡಿದ್ದೀರಿ. ಊರು, ಗ್ರಾಮ ಪಂಚಾಯಿತಿ, ಫಲಾನುಭವಿಗಳ ಸಂಖ್ಯೆ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಸಂಗ್ರಹಿಸುವ ಕಷ್ಟದ ಕೆಲಸ ಮುಗಿದಿದೆ, ಹೊರಗಿಡುವ ಸುಲಭದ ಕೆಲಸವಷ್ಟೇ ಉಳಿದಿದೆ.

ಪಟ್ಟಿ ಇಲ್ಲದ ತೊಂದರೆ ವಿಪತ್ತಿನ ಹೊತ್ತಿನಲ್ಲೂ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಮುಳುಗಿದವು. ನಾಡಿನ ಎಲ್ಲ ಕಡೆಯಿಂದ ನೆರವು ಬಂತು. ಇಂಥ ಹೊತ್ತಿನಲ್ಲಿ ರಸ್ತೆ ಪಕ್ಕದ ಊರಿಗೆ ಹೊದಿಕೆಯ ಮೇಲೆ ಹೊದಿಕೆ ಬರುವುದು, ಒಳಗಿನ ಊರಿಗೆ ಏನೂ ತಲುಪದಿರುವುದು ಪರಿಹಾರ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಕೊಡುವವರ ಮನಸ್ಸಿನಲ್ಲಿ ಕೊರತೆ ಇರುವುದಿಲ್ಲ. ಇನ್ನೊಬ್ಬರು ಎಲ್ಲಿ ಕೊಟ್ಟಿದ್ದಾರೆಂದು ತಿಳಿಯುವ ದಾರಿ ಇರುವುದಿಲ್ಲ.

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ಎಂದು ತಿಳಿಯಲು ಬ್ರಿಟನ್ನಿನ ಕಡೆ ನೋಡಬಹುದು. ಅಲ್ಲಿ ದತ್ತಿ ಸಂಸ್ಥೆಗಳ ಲೆಕ್ಕಪತ್ರ ಬಹಳ ಹಿಂದಿನಿಂದ ಸಾರ್ವಜನಿಕವಾಗಿಯೇ ಇದ್ದವು. ಆದರೂ ಅನುದಾನಗಳ ಪಟ್ಟಿ ಒಬ್ಬೊಬ್ಬರ ವರದಿಯಲ್ಲಿ ಒಂದೊಂದು ಬಗೆಯಲ್ಲಿ, ಪಿಡಿಎಫ್ ಪುಟಗಳಲ್ಲಿ ಹುದುಗಿ, ಒಟ್ಟಿಗೆ ಸೇರಿಸಿ ನೋಡಲು ಆಗುತ್ತಿರಲಿಲ್ಲ. ಇಂಡಿಗೋ ಟ್ರಸ್ಟ್ ಎಂಬ ಪ್ರತಿಷ್ಠಾನ ನಡೆಸುತ್ತಿದ್ದ ಫ್ರಾನ್ ಪೆರಿನ್, ಯಾವ ಕೆಲಸಕ್ಕೆ ಯಾರು ಕೊಡುತ್ತಿದ್ದಾರೆಂದು ತಿಳಿಯದೆ ತಾನು ಸರಿಯಾಗಿ ಕೊಡಲಾರೆ ಎಂದು ಕಂಡುಕೊಂಡು ‘360 ಗಿವಿಂಗ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಇದು ದಾನಿಯೊಬ್ಬರೇ ದಾನಿಗಳಿಗಾಗಿ ಆರಂಭಿಸಿದ್ದು ಎಂಬುದನ್ನು ಗಮನಿಸಿ. ಸರ್ಕಾರ ಹೇರಿದ್ದಲ್ಲ, ಪತ್ರಕರ್ತರು ಒತ್ತಾಯಿಸಿದ್ದಲ್ಲ.

ಅವರು ಮಾಡಿದ್ದು ಸರಳ ಕೆಲಸ. ಪ್ರತಿಯೊಂದು ಅನುದಾನಕ್ಕೆ ಕಡ್ಡಾಯವಾಗಿ ಹತ್ತು ವಿವರಗಳು ಬೇಕೆಂದು ಗೊತ್ತುಪಡಿಸಿದರು. ಅನುದಾನದ ಗುರುತಿನ ಸಂಖ್ಯೆ, ಶೀರ್ಷಿಕೆ, ಒಂದೆರಡು ವಾಕ್ಯದ ವಿವರಣೆ, ಯಾವ ಕರೆನ್ಸಿ, ಎಷ್ಟು ಮೊತ್ತ, ಮಂಜೂರಾದ ದಿನಾಂಕ, ಪಡೆದ ಸಂಸ್ಥೆಯ ಗುರುತು ಸಂಖ್ಯೆ ಮತ್ತು ಹೆಸರು, ಕೊಟ್ಟ ಸಂಸ್ಥೆಯ ಗುರುತು ಸಂಖ್ಯೆ ಮತ್ತು ಹೆಸರು. ಸ್ಥಳ, ಅವಧಿ ಮುಂತಾದವನ್ನು ಜೊತೆಗೆ ಸೇರಿಸಬಹುದು. ಒಂದು ಸಾಮಾನ್ಯ ಎಕ್ಸೆಲ್ ಹಾಳೆ ಸಾಕು. ಹಾಳೆಯನ್ನು ಪ್ರತಿಷ್ಠಾನ ತನ್ನ ಜಾಲತಾಣದಲ್ಲೇ, ಯಾರು ಬೇಕಾದರೂ ಮರುಬಳಸಬಹುದೆಂಬ ಮುಕ್ತ ಪರವಾನಗಿಯೊಂದಿಗೆ ಇಡಬೇಕು. ಎಲ್ಲರೂ ಒಂದೇ ಅಚ್ಚಿನಲ್ಲಿ ಬರೆಯುವುದರಿಂದ ಆ ಹಾಳೆಗಳನ್ನೆಲ್ಲ ಒಂದುಗೂಡಿಸಿ ‘ಗ್ರಾಂಟ್‌ನ್ಯಾವ್’ ಎಂಬ ಉಚಿತ ಹುಡುಕು ತಾಣ ಮಾಡಲು ಸಾಧ್ಯವಾಯಿತು. ಊರಿನ ಹೆಸರು ಹಾಕಿದರೆ ಆ ಊರಿಗೆ ಯಾವ ಯಾವ ಪ್ರತಿಷ್ಠಾನದಿಂದ ಎಷ್ಟು ಹಣ ಬಂದಿದೆ ಎಂದು ಸಿಗುತ್ತದೆ. ಇಂದು ಲಾಟರಿ ಹಣ ಹಂಚುವ ದೊಡ್ಡ ನಿಧಿಯಿಂದ ಹಿಡಿದು ಸಣ್ಣ ಕುಟುಂಬ ಟ್ರಸ್ಟಿನವರೆಗೆ ಇನ್ನೂರಕ್ಕೂ ಹೆಚ್ಚು ದಾನಿಗಳು ಹೀಗೆ ಪ್ರಕಟಿಸುತ್ತಿದ್ದಾರೆ. 2020ರಲ್ಲಿ ಕೋವಿಡ್ ಬಂದಾಗ ತುರ್ತು ಅನುದಾನಗಳು ಎಲ್ಲೆಲ್ಲಿ ಹೋಗುತ್ತಿವೆ ಎಂದು ತೋರಿಸುವ ತಾಣವನ್ನು ಅವರು ಬೇಗನೆ ಕಟ್ಟಬಲ್ಲವರಾದರು. ಅಡಿಪಾಯ ಮೊದಲೇ ಹಾಕಿಯಾಗಿತ್ತು.

ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿ ಖಾಸಗಿ ಪ್ರತಿಷ್ಠಾನ ಪ್ರತಿ ವರ್ಷ 990-ಪಿಎಫ್ ಎಂಬ ರಿಟರ್ನ್ ತುಂಬಬೇಕು. ಅದರಲ್ಲಿ ತಾನು ಕೊಟ್ಟ ಒಂದೊಂದು ಅನುದಾನವನ್ನೂ, ಪಡೆದವರ ಹೆಸರು, ವಿಳಾಸ, ಉದ್ದೇಶ, ಮೊತ್ತದ ಸಮೇತ ಬರೆಯಬೇಕು. ಆ ರಿಟರ್ನ್ ಸಾರ್ವಜನಿಕ ದಾಖಲೆ. 1952ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಪ್ರತಿಷ್ಠಾನಗಳನ್ನು ಸಂಶಯದಿಂದ ವಿಚಾರಣೆ ಮಾಡಿದಾಗ, ಕಾರ್ನೆಗಿ ಕಾರ್ಪೊರೇಷನ್ನಿನ ಅಧ್ಯಕ್ಷ ರಸೆಲ್ ಲೆಫಿಂಗ್‌ವೆಲ್ ಪ್ರತಿಷ್ಠಾನದ ಜೇಬು ಗಾಜಿನದಾಗಿರಬೇಕೆಂದು ಸಾಕ್ಷ್ಯ ನುಡಿದರು. ಸಂಶಯಕ್ಕೆ ಅವರು ಕಂಡ ಮದ್ದು ತೆರೆದ ಲೆಕ್ಕ. ನಾಲ್ಕು ವರ್ಷಗಳ ನಂತರ, 1956ರಲ್ಲಿ, ಪ್ರತಿಷ್ಠಾನಗಳ ಮಾಹಿತಿಯನ್ನು ಜನರಿಗೆ ಒದಗಿಸಲೆಂದೇ ನ್ಯೂಯಾರ್ಕಿನಲ್ಲಿ ಫೌಂಡೇಶನ್ ಸೆಂಟರ್ ಶುರುವಾಯಿತು. ಅದು ಇಂದು ‘ಕ್ಯಾಂಡಿಡ್’ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಇದೆಲ್ಲ ಹೊರದೇಶದ ರೀತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದಾನದ ವಿವರವನ್ನು ಊರಿನ ನಡುವೆ ನಿಲ್ಲಿಸುವ ಪದ್ಧತಿ ಈ ನೆಲದಲ್ಲಿ ಒಂದೂವರೆ ಸಾವಿರ ವರ್ಷ ಹಳೆಯದು. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೇ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ದಾಖಲೆ. ಬಿ. ಎಲ್. ರೈಸ್ ಮತ್ತು ಅವರ ನಂತರದವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಸಾವಿರಾರು ಶಾಸನಗಳಲ್ಲಿ ಬಹುಪಾಲು ದಾನದವೇ.

ಚಿತ್ತಾಪುರ ತಾಲ್ಲೂಕಿನ ನಾಗಾವಿಗೆ ಹೋಗಿ ನೋಡಿ. ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಅಲ್ಲಿನ 1058ರ ಶಾಸನ, ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನ ಘಟಿಕಾಸ್ಥಾನಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತರಷ್ಟು ವಿದ್ಯಾರ್ಥಿಗಳು, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು, ಗ್ರಂಥಭಂಡಾರ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು. ಯಾವ ಕೆಲಸಕ್ಕೆ ಎಷ್ಟು ಭೂಮಿ ಎಂಬುದೂ ಅದರಲ್ಲಿದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಉದ್ದೇಶಕ್ಕೆ, ಎಷ್ಟು, ಎಂದು. ಬ್ರಿಟನ್ನಿನವರು ಹತ್ತು ಕಲಮುಗಳಲ್ಲಿ ಕೇಳಿದ್ದರ ಸಾರ ನಾಗಾವಿಯ ಕಲ್ಲಿನ ಮೇಲೆ ಒಂಬೈನೂರು ವರ್ಷಗಳಿಗೂ ಹಿಂದೆಯೇ ಇತ್ತು. ನಮ್ಮ ದಾನಶಾಸನಗಳ ಕಲ್ಲುಗಳು ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಊರ ಗಡಿಯಲ್ಲಿ, ಎಲ್ಲರೂ ಓಡಾಡುವ ಕಡೆ ನಿಂತವು. ಆ ಕಾಲದ ದಾನದಲ್ಲಿ ಎಲ್ಲರಿಗೂ ಸಮಪಾಲಿತ್ತು ಎಂದು ನಾನು ಹೇಳುತ್ತಿಲ್ಲ. ಓದಿನ ದತ್ತಿ ಯಾರ ಮಕ್ಕಳಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ನಾವು ಇಂದು ಖಚಿತವಾಗಿ ಟೀಕಿಸಬಲ್ಲೆವು. ಹಾಗೆ ಟೀಕಿಸಲು ಆಗುತ್ತಿರುವುದೂ ಅವರು ಬರೆದಿಟ್ಟಿದ್ದರಿಂದಲೇ.

ಈಗ ನಿಮ್ಮ ಕಡೆಯಿಂದ ಬರುವ ಆಕ್ಷೇಪಗಳಿಗೆ ಬರುತ್ತೇನೆ. ಅವುಗಳಲ್ಲಿ ಕೆಲವಕ್ಕೆ ನಿಜವಾದ ತೂಕವಿದೆ.

‘ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು’ ಎನ್ನುತ್ತಾರೆ ಹಲವರು. ಮನೆ ಬಾಗಿಲಿಗೆ ಬಂದವರಿಗೆ ಸದ್ದಿಲ್ಲದೆ ಕೊಡುವ ವ್ಯಕ್ತಿಗೆ ಆ ಮಾತು ಶೋಭೆ. ಆದರೆ ನೋಂದಣಿಯಾದ, ತೆರಿಗೆ ವಿನಾಯಿತಿ ಪಡೆದ, ಸಿಬ್ಬಂದಿ ಇಟ್ಟುಕೊಂಡು ಕೋಟಿಗಳಲ್ಲಿ ಹಂಚುವ ಸಂಸ್ಥೆ ಒಬ್ಬ ವ್ಯಕ್ತಿಯಂತಲ್ಲ. ಅಲ್ಲಿ ತೆರೆದ ಪಟ್ಟಿ ಇಡುವುದೇ ವಿನಯ. ನಮ್ಮ ಆಯ್ಕೆಯನ್ನು ಬೇರೆಯವರೂ ಪರೀಕ್ಷಿಸಲಿ ಎಂದು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ವಿನಯ ಯಾವುದಿದೆ?

‘ಪಟ್ಟಿ ಹಾಕಿದರೆ ಅರ್ಜಿಗಳ ಪ್ರವಾಹ ಬರುತ್ತದೆ’ ಎಂಬುದು ಇನ್ನೊಂದು ಭಯ. ಈಗಲೂ ಅರ್ಜಿಗಳು ಬರುತ್ತಿವೆ, ಏನೂ ತಿಳಿಯದೆ ಬರುತ್ತಿವೆ. ನೀವು ಕಟ್ಟಡಕ್ಕೆ ಕೊಡುವುದಿಲ್ಲ ಎಂದು ಹಿಂದಿನ ಐದು ವರ್ಷಗಳ ಪಟ್ಟಿಯೇ ಹೇಳಿದರೆ, ಕಟ್ಟಡಕ್ಕೆ ಕೇಳುವವರು ತಾವಾಗಿಯೇ ಬೇರೆ ಬಾಗಿಲಿಗೆ ಹೋಗುತ್ತಾರೆ.

ಮೂರನೆಯದು ಸುರಕ್ಷತೆ. ಕೌಟುಂಬಿಕ ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ ಮನೆ, ಮಾನವ ಕಳ್ಳಸಾಗಣೆಯಿಂದ ಬಿಡಿಸಿದ ಮಕ್ಕಳ ವಸತಿ, ಇಂಥವುಗಳ ವಿಳಾಸ ಬಯಲಾಗಬಾರದು. ಇದು ಪೂರ್ತಿ ಸರಿ. ಫಲಾನುಭವಿಗಳ ಹೆಸರೂ ಹೊರಗೆ ಬರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ಅಂಥ ಅನುದಾನಗಳಲ್ಲಿ ಸ್ಥಳವನ್ನು ಬಿಡಿ, ಅಗತ್ಯವಾದರೆ ಹೆಸರನ್ನೂ ಬಿಡಿ. ಮೊತ್ತ ಮತ್ತು ಉದ್ದೇಶ ಮಾತ್ರ ಬರೆದು, ಸುರಕ್ಷತೆಗಾಗಿ ತಡೆಹಿಡಿದಿದ್ದೇವೆ ಎಂದು ಸ್ಪಷ್ಟವಾಗಿ ನಮೂದಿಸಿ. ಹತ್ತು ಸೂಕ್ಷ್ಮ ಅನುದಾನಗಳಿಗಾಗಿ ಉಳಿದ ನೂರನ್ನು ಮುಚ್ಚಿಡುವ ಅಗತ್ಯವಿಲ್ಲ.

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಬಹಳ. ಪಟ್ಟಿ ಹೊರಗಿಟ್ಟರೆ ಅಧಿಕಾರದಲ್ಲಿರುವವರ ಕಣ್ಣು ಬೀಳಬಹುದು, ಹಕ್ಕುಗಳ ಬಗ್ಗೆ ಕೆಲಸ ಮಾಡುವ ಸಂಸ್ಥೆಗಳಿಗೆ ತೊಂದರೆಯಾಗಬಹುದು ಎಂಬ ಆತಂಕ. 2020ರಲ್ಲಿ ಎಫ್‌ಸಿಆರ್‌ಎ ತಿದ್ದುಪಡಿಯಾಗಿ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ಹಂಚುವುದೇ ನಿಷಿದ್ಧವಾದ ಮೇಲೆ ಈ ಆತಂಕ ಹೆಚ್ಚಿದೆ. ನಾನು ಇದನ್ನು ಹಗುರಾಗಿ ಕಾಣುವುದಿಲ್ಲ. ಆದರೆ ಒಂದು ಸತ್ಯವನ್ನು ಗಮನಿಸಿ. ನಿಮ್ಮ ಲೆಕ್ಕ ಸರ್ಕಾರದ ಬಳಿ ಈಗಾಗಲೇ ಇದೆ. ಆದಾಯ ತೆರಿಗೆ ಇಲಾಖೆಗೆ ಆಡಿಟ್ ವರದಿ ಹೋಗಿದೆ, ದೇಣಿಗೆ ಪಡೆದವರು 10ಬಿಡಿ ನಮೂನೆಯಲ್ಲಿ ಕೊಟ್ಟವರ ಹೆಸರನ್ನೇ ಸಲ್ಲಿಸಿದ್ದಾರೆ, ಸಿಎಸ್‌ಆರ್-2 ಸಚಿವಾಲಯದಲ್ಲಿದೆ. ತೊಂದರೆ ಕೊಡಬೇಕೆಂದವರಿಗೆ ಮಾಹಿತಿಯ ಕೊರತೆ ಇಲ್ಲ. ನಿಮ್ಮ ಪರವಾಗಿ ಮಾತನಾಡಬಲ್ಲ ಜನರಿಗೆ ಮಾತ್ರ ಏನೂ ತಿಳಿದಿಲ್ಲ. ನಮ್ಮೂರಿನ ಶಾಲೆಗೆ, ದವಾಖಾನೆಗೆ ಈ ಪ್ರತಿಷ್ಠಾನ ಏನು ಮಾಡಿದೆ ಎಂದು ಲೆಕ್ಕಸಮೇತ ಬಲ್ಲ ಊರಿಗಿಂತ ಒಳ್ಳೆಯ ರಕ್ಷಣೆ ಬೇರೆ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಅನುಭವದಲ್ಲಿ ಕಂಡದ್ದನ್ನು ಹೇಳುತ್ತೇನೆ.

ಒಂದು, ಪ್ರತಿ ಅನುದಾನಕ್ಕೆ ಒಂದು ಸಾಲು. ಮೇಲೆ ಹೇಳಿದ ಹತ್ತು ವಿವರಗಳ ಜೊತೆ ಜಿಲ್ಲೆ, ತಾಲ್ಲೂಕು, ಅವಧಿ ಇರಲಿ. ಉದಾಹರಣೆಗೆ, ‘ಚಿತ್ತಾಪುರ ತಾಲ್ಲೂಕಿನ ಆರು ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ, ₹4,80,000, 24 ತಿಂಗಳು, ಇಬ್ಬರು ಗ್ರಂಥಪಾಲಕರ ಸಂಬಳ ಮತ್ತು ಪುಸ್ತಕ’. ಇಷ್ಟೇ ಒಂದು ಸಾಲಿನಿಂದ ಪಕ್ಕದ ಸೇಡಂ ತಾಲ್ಲೂಕಿನ ಸಂಸ್ಥೆಗೆ ಎಷ್ಟು ಗೊತ್ತಾಗುತ್ತದೆ ಯೋಚಿಸಿ. ಈ ದಾನಿ ನಮ್ಮ ಸೀಮೆಗೆ ಬರುತ್ತಾರೆ, ಸಣ್ಣ ಮೊತ್ತ ಕೊಡುತ್ತಾರೆ, ಸಂಬಳಕ್ಕೂ ಕೊಡುತ್ತಾರೆ.

ಎರಡು, ಸಂಸ್ಥೆಯ ಹೆಸರಿನ ಜೊತೆ ದರ್ಪಣ್ ಸಂಖ್ಯೆ ಅಥವಾ ಸಿಎಸ್‌ಆರ್ ನೋಂದಣಿ ಸಂಖ್ಯೆ ಬರೆಯಿರಿ. ಒಂದೇ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗಳು ಪ್ರತಿ ಜಿಲ್ಲೆಯಲ್ಲೂ ಇವೆ. ಸಂಖ್ಯೆ ಇಲ್ಲದಿದ್ದರೆ ಯಾವುದು ಯಾವುದೆಂದು ಬಿಡಿಸಲಾಗದು.

ಮೂರು, ಊರಿಗೆ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯ ಸಂಕೇತ ಸಂಖ್ಯೆ ಬಳಸಿ. ಗುಲ್ಬರ್ಗ 2014ರಲ್ಲಿ ಕಲಬುರಗಿಯಾಯಿತು, ಬಳ್ಳಾರಿಯಿಂದ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು, ಯಾದಗಿರಿಯನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಹೆಸರು ನಂಬಿ ಕೂಡಿಸಿದರೆ ಒಂದೇ ಜಿಲ್ಲೆ ಕಂಪ್ಯೂಟರಿನಲ್ಲಿ ಮೂರಾಗುತ್ತದೆ, ಲೆಕ್ಕ ತಪ್ಪುತ್ತದೆ.

ನಾಲ್ಕು, ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ. ತೆರೆದರೆ ವಿಂಗಡಿಸಲು, ಕೂಡಿಸಲು ಬರುವ ಎಕ್ಸೆಲ್ ಅಥವಾ ಸಿಎಸ್‌ವಿ ಹಾಳೆ ಇರಲಿ. ಕರ್ನಾಟಕದ ಅನುದಾನಗಳ ಶೀರ್ಷಿಕೆ, ವಿವರಣೆ ಕನ್ನಡದಲ್ಲೂ, ಯೂನಿಕೋಡ್ ಅಕ್ಷರದಲ್ಲಿ ಇರಲಿ. ಮರುಬಳಕೆಗೆ ಅನುಮತಿ ಇದೆ ಎಂದು ಒಂದು ಸಾಲು ಬರೆಯಿರಿ.

ಐದು, ಎಷ್ಟು ಅರ್ಜಿ ಬಂದವು, ಎಷ್ಟನ್ನು ಒಪ್ಪಿದಿರಿ, ತಿರಸ್ಕರಿಸಿದ್ದಕ್ಕೆ ಮುಖ್ಯ ಕಾರಣಗಳೇನು ಎಂಬುದನ್ನು ವರ್ಷಕ್ಕೊಮ್ಮೆ ಹೇಳಿ. ತಿರಸ್ಕೃತರ ಹೆಸರು ಬೇಡ, ಕಾರಣ ಸಾಕು. ಹಣ ಸಿಗದವರಿಗೆ ಸಿಗುವ ಏಕೈಕ ಅನುದಾನ ಅದು.

ಬೆಂಗಳೂರಿನ ನಾಲ್ಕೈದು ಪ್ರತಿಷ್ಠಾನಗಳು ಒಟ್ಟಿಗೆ ಕುಳಿತು ಒಂದೇ ನಮೂನೆ ಒಪ್ಪಿಕೊಂಡರೆ ಉಳಿದವರು ಬರುತ್ತಾರೆ. ಬ್ರಿಟನ್ನಿನಲ್ಲೂ ಮೊದಲು ಬಂದವರು ಬೆರಳೆಣಿಕೆಯವರು. ಕಾನೂನಿಗಾಗಿ ಕಾಯಬೇಡಿ. ಕಾನೂನು ಬಂದಾಗ ಅದು ಭಯದ ಭಾಷೆಯಲ್ಲಿ ಬರುತ್ತದೆ, ನೀವಾಗಿ ಮಾಡಿದರೆ ಅದು ನಿಮ್ಮ ಮಾದರಿಯಲ್ಲಿ ಇರುತ್ತದೆ.

ಓದುಗರಲ್ಲೂ ಒಂದು ಮಾತು. ನಿಮ್ಮ ಊರಿನ ಶಾಲೆಗೆ, ಆಸ್ಪತ್ರೆಗೆ, ಕೆರೆಗೆ ಯಾವುದಾದರೂ ಪ್ರತಿಷ್ಠಾನದ ನೆರವು ಬಂದಿದ್ದರೆ ಧನ್ಯವಾದದ ಪತ್ರ ಬರೆಯಿರಿ, ಅದರಲ್ಲೇ ಪೂರ್ತಿ ಪಟ್ಟಿ ಎಲ್ಲಿ ಸಿಗುತ್ತದೆ ಎಂದೂ ಕೇಳಿ. ಕಂಪನಿಗಳ ಷೇರು ಇರುವವರು ವಾರ್ಷಿಕ ಸಭೆಯಲ್ಲಿ ಕೇಳಿ.

ಧರ್ಮದರ್ಶಿಗಳೇ, ಬರುವ ಮಾರ್ಚ್ 31ಕ್ಕೆ ನಿಮ್ಮ ಲೆಕ್ಕ ಮುಗಿಯುತ್ತದೆ. ಆಡಿಟರ್‌ಗೆ ಕೊಡಲು ಅನುದಾನಗಳ ಪಟ್ಟಿ ಹೇಗೂ ಸಿದ್ಧವಾಗುತ್ತದೆ. ಅದಕ್ಕೆ ತಾಲ್ಲೂಕಿನ ಹೆಸರು ಸೇರಿಸಿ, ಕಾಪಾಡಬೇಕಾದವರ ಗುರುತು ತೆಗೆದು, ನಿಮ್ಮ ಜಾಲತಾಣದಲ್ಲಿ ಹಾಕಿ. ಈ ವರ್ಷದಿಂದಲೇ ಹಾಕಿ.

ಇಂತಿ,
ಕಲಬುರಗಿ ಸೀಮೆಯ ಒಬ್ಬ ಲೆಕ್ಕ ಬರೆಯುವವ